ಬ್ಯಾಕ್ಟೀರಿಯದ ಕಣಜದಿಂದ ಪ್ಲಾಸ್ಟಿಕ್ಕು ತೆಗೆದ ಕಥೆ



ಬೇಕಲೈಟ್ ಮತ್ತು ನೈಲಾನುಗಳ ಕುರಿತು ಹಿಂದೊಮ್ಮೆ ನಾನು ಬರೆದಿದ್ದ ಲೇಖನವನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಕಳುಹಿಸಿದ್ದಾನೆ. "ಸರ್, ಮಣ್ಣಿನಲ್ಲಿ ಕೊಳೆತುಹೋಗುವ ಪ್ಲಾಸ್ಟಿಕ್ಕನ್ನು ಬ್ಯಾಕ್ಟೀರಿಯಗಳೇ ತಯಾರಿಸುತ್ತವೆಂದು ಓದಿದೆ. ಹಾಗಿದ್ದ ಮೇಲೆ ನಾವು ಇನ್ನೂ ಪಾಲಿಥೀನಿಗೇ ಏಕೆ ಜೋತುಬಿದ್ದಿದ್ದೇವೆ?" ಎಂಬುದು ಅವನ ಪ್ರಶ್ನೆ. ತರಗತಿಯಲ್ಲಿದ್ದಾಗಲೂ ಈತ ಗಂಟೆ ಹೊಡೆಯಲು ಎರಡು ನಿಮಿಷವಿದೆ ಎನ್ನುವಾಗಲೇ ಇಂಥ ಪ್ರಶ್ನೆ ಕೇಳುತ್ತಿದ್ದವನು. ಈಗ ನನಗೆ ಗಂಟೆಯ ಹಂಗಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಉತ್ತರದ ಸಾರ ಇಷ್ಟೇ: ಪ್ಲಾಸ್ಟಿಕ್ಕನ್ನು ಮಾಡಿಕೊಡುವುದು ಬ್ಯಾಕ್ಟೀರಿಯ, ಅದನ್ನು ಅದರ ಒಡಲಿನಿಂದ ಕೆಡದಂತೆ ಹೊರತೆಗೆಯಬೇಕಾದವರು ನಾವು. ಆ ಎರಡನೆಯ ಕೆಲಸದಲ್ಲಿಯೇ ಸುಮಾರು ನೂರು ವರ್ಷ ಕಳೆದಿದೆ.

ಕಥೆ ಆರಂಭವಾಗುವುದು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ. ಅಲ್ಲಿ ಮೋರಿಸ್ ಲೆಮ್ವಾನ್ ಎಂಬ ವಿಜ್ಞಾನಿ ಬ್ಯಾಸಿಲಸ್ ಮೆಗಟೀರಿಯಂ ಎಂಬ ಬ್ಯಾಕ್ಟೀರಿಯದ ಮೇಲೆ ಕೆಲಸ ಮಾಡುತ್ತಿದ್ದರು. ಹೆಸರಿನ ಅರ್ಥ 'ದೈತ್ಯ ಮೃಗ' ಎಂದು. ದೈತ್ಯವೆಂದರೂ ಅದರ ಉದ್ದ ಒಂದು ಮಿಲಿಮೀಟರಿನ ಇನ್ನೂರೈವತ್ತನೆಯ ಒಂದು ಭಾಗದ ಆಸುಪಾಸು. ಆದರೆ ಏಕಾಣುಜೀವಿಗಳ ಲೋಕದಲ್ಲಿ ಅದು ಆನೆಯೇ ಸರಿ. ಆಹಾರವಿಲ್ಲದ ಬರಿಯ ನೀರಿನಲ್ಲಿ ಈ ಬ್ಯಾಕ್ಟೀರಿಯಗಳನ್ನು ಬಿಟ್ಟರೆ ನೀರು ಕ್ರಮೇಣ ಆಮ್ಲೀಯವಾಗುವುದನ್ನು ಲೆಮ್ವಾನ್ ಗಮನಿಸಿದರು. ಆ ಆಮ್ಲವು ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವೆಂದು 1923ರಲ್ಲಿ ಗೊತ್ತಾಯಿತು. ಹೊರಗಿನಿಂದ ಏನೂ ಕೊಡದಿರುವಾಗ ಆಮ್ಲ ಬಂದದ್ದೆಲ್ಲಿಂದ? ಕೋಶದೊಳಗೇ ಅದರ ಮೂಲವಿರಬೇಕು. ಅವರು ಕೋಶಗಳನ್ನು ಒಣಗಿಸಿ, ಬಿಸಿ ಕ್ಲೋರೋಫಾರ್ಮಿನಲ್ಲಿ ನೆನೆಸಿ, ಕರಗಿ ಬಂದ ಘನವಸ್ತುವನ್ನು ಪರೀಕ್ಷಿಸಿದರು. ಆ ಆಮ್ಲದ ಅಣುಗಳೇ ಒಂದರ ಬಾಲವನ್ನು ಇನ್ನೊಂದು ಹಿಡಿದು ಸರಪಳಿಯಾಗಿದ್ದವು. 1926ರ ವೇಳೆಗೆ ಲೆಮ್ವಾನ್ ಅದನ್ನು ಪ್ರಕಟಿಸಿದರು. ಇಂದು ಅದನ್ನು ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಚಿಕ್ಕದಾಗಿ ಪಿಎಚ್‌ಬಿ ಎನ್ನುತ್ತಾರೆ. ಇದೂ ಇದರ ದಾಯಾದಿಗಳೂ ಸೇರಿದ ಕುಟುಂಬಕ್ಕೆ ಪಿಎಚ್‌ಎ ಎಂದು ಹೆಸರು.

ಆ ಕಾಲವನ್ನು ನೆನೆಯಿರಿ. ಉದ್ದ ಸರಪಳಿಯ ಮಹಾ ಅಣುಗಳು ಇರಲು ಸಾಧ್ಯವೆಂದು ಜರ್ಮನಿಯ ಸ್ಟೌಡಿಂಗರ್ 1920ರಲ್ಲಿ ವಾದ ಹೂಡಿದ್ದರು. ಹಿರಿಯ ರಸಾಯನಜ್ಞರು ಅದನ್ನಿನ್ನೂ ಒಪ್ಪಿರಲಿಲ್ಲ. ನೈಲಾನು ಬಂದದ್ದು 1935ರಲ್ಲಿ. ಪಾಲಿಥೀನು ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಅಕಸ್ಮಾತ್ತಾಗಿ ದೊರೆತದ್ದು 1933ರಲ್ಲಿ. ಅಂದರೆ ನಾವು ಇಂದು ತಿಪ್ಪೆಗೆ ಎಸೆಯುವ ಪಾಲಿಥೀನು ಹುಟ್ಟುವ ಮೊದಲೇ, ತಿಪ್ಪೆಯಲ್ಲಿ ಕೊಳೆಯಬಲ್ಲ ಈ ಪಾಲಿಯೆಸ್ಟರು ಪ್ಯಾರಿಸ್ಸಿನ ಗಾಜಿನ ತಟ್ಟೆಯ ಮೇಲಿತ್ತು! ಲೆಮ್ವಾನ್ ಬರೆದದ್ದು ಫ್ರೆಂಚಿನಲ್ಲಿ, ಓದಿದವರು ಬ್ಯಾಕ್ಟೀರಿಯ ಶಾಸ್ತ್ರಜ್ಞರು. ಪ್ಲಾಸ್ಟಿಕ್ಕಿನವರ ಕಣ್ಣಿಗೆ ಅದು ಬೀಳಲಿಲ್ಲ. ಸುಮಾರು ಮೂವತ್ತು ವರ್ಷ ಆ ವಿಷಯ ಕಪಾಟಿನಲ್ಲಿ ನಿದ್ರೆ ಹೋಯಿತು.

ಬ್ಯಾಕ್ಟೀರಿಯಕ್ಕೆ ಪ್ಲಾಸ್ಟಿಕ್ಕೇಕೆ ಬೇಕು? ನಮ್ಮ ಕಡೆಯ ಕಣಜವನ್ನೋ, ಉತ್ತರ ಕರ್ನಾಟಕದ ಹಗೇವನ್ನೋ ಜ್ಞಾಪಿಸಿಕೊಳ್ಳಿ. ಸುಗ್ಗಿಯಲ್ಲಿ ಉಳಿದದ್ದನ್ನು ಬರಗಾಲಕ್ಕೆ ಕೂಡಿಡುವ ವ್ಯವಸ್ಥೆ. ಸಕ್ಕರೆ ಯಥೇಚ್ಛವಾಗಿದ್ದು ಸಾರಜನಕವೋ ರಂಜಕವೋ ಸಾಲದೆ ಹೋದರೆ ಬ್ಯಾಕ್ಟೀರಿಯ ಮುಂದಕ್ಕೆ ಬೆಳೆಯಲಾರದು. ಆಗ ಮಿಕ್ಕ ಸಕ್ಕರೆಯನ್ನು ಪಿಎಚ್‌ಬಿಯಾಗಿ ಮಾರ್ಪಡಿಸಿ ಸಣ್ಣ ಸಣ್ಣ ಗುಳಿಗೆಗಳಂತೆ ತನ್ನೊಳಗೆ ತುಂಬಿಕೊಳ್ಳುತ್ತದೆ. ಇದನ್ನು 1958ರಲ್ಲಿ ಎಡಿನ್‌ಬರೋದ ಮ್ಯಾಕ್ರೇ ಮತ್ತು ವಿಲ್ಕಿನ್‌ಸನ್ ಸ್ಪಷ್ಟಪಡಿಸಿದರು. ಚೆನ್ನಾಗಿ ಉಣಿಸಿದ ಕೋಶದ ಒಣತೂಕದಲ್ಲಿ ನೂರಕ್ಕೆ ಎಂಬತ್ತರಷ್ಟು ಇದೇ ಇರಬಹುದು. ಮನೆಗಿಂತ ಕಣಜವೇ ದೊಡ್ಡದು!

ಇನ್ನು ಕಣಜದ ಬಾಗಿಲು ತೆರೆಯುವ ವಿಚಾರ. ಅಡಿಕೆ ಬೆಳೆಯುವ ಕಡೆಯ ನೆಂಟರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊನೆ ಇಳಿಸಿದ ಮಾತ್ರಕ್ಕೆ ಅಡಿಕೆ ಕೈಗೆ ಬಂದಂತಲ್ಲ, ಸುಲಿಯಬೇಕು. ಇಲ್ಲಿಯ ಸಿಪ್ಪೆಯೆಂದರೆ ಗಟ್ಟಿಯಾದ ಕೋಶಭಿತ್ತಿ, ಪೊರೆ, ಪ್ರೋಟೀನು, ಡಿಎನ್‌ಎ, ಕೊಬ್ಬು. ಒಳಗಿನ ಗುಳಿಗೆಯ ಅಡ್ಡಳತೆ ಮಿಲಿಮೀಟರಿನ ಕೆಲವು ಸಾವಿರದಲ್ಲೊಂದು ಭಾಗ. ಇದಲ್ಲದೆ, ಕೋಶಗಳೆಲ್ಲ ಮೊದಲಿಗೆ ಇರುವುದು ದೊಡ್ಡ ಕೊಳಗಗಟ್ಟಲೆ ನೀರಿನಲ್ಲಿ ತೇಲಿಕೊಂಡು.

ಲೆಮ್ವಾನ್ ತೋರಿದ ದಾರಿ ಕರಗಿಸುವ ದಾರಿ. ಕ್ಲೋರೋಫಾರ್ಮಿನಲ್ಲಿ ಪಿಎಚ್‌ಬಿ ಕರಗುತ್ತದೆ, ಸಿಪ್ಪೆಯ ಬಹುಪಾಲು ಕರಗದು. ಶೋಧಿಸಿದ ದ್ರವಕ್ಕೆ ಮದ್ಯಸಾರ ಬೆರೆಸಿದರೆ ಪಿಎಚ್‌ಬಿ ಬಿಳಿಯ ಹೊಂಡಿನಂತೆ ತಳಕ್ಕೆ ಇಳಿಯುತ್ತದೆ. ಹೀಗೆ ದೊರೆತದ್ದು ಶುದ್ಧವೂ ಹೌದು, ಸರಪಳಿ ತುಂಡಾಗದ್ದೂ ಹೌದು. ತೊಂದರೆಯೆಂದರೆ ಈ ದ್ರಾವಣ ನೂರಕ್ಕೆ ಐದರಷ್ಟು ಮೀರಿದೊಡನೆ ಬೆಲ್ಲದ ಪಾಕದಂತೆ ಮಂದವಾಗಿ, ಶೋಧಿಸುವುದೇ ಅಸಾಧ್ಯವಾಗುತ್ತದೆ. ಆದ್ದರಿಂದ ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಸುಮಾರು ಇಪ್ಪತ್ತು ಪಾಲು ದ್ರಾವಕ ಬೇಕು. ಅಷ್ಟನ್ನೂ ಮತ್ತೆ ಕಾಯಿಸಿ, ಆವಿಯಾಗಿಸಿ, ತಣಿಸಿ ಹಿಂದಕ್ಕೆ ಪಡೆಯಬೇಕು. ಪರಿಸರಕ್ಕೆ ಒಳ್ಳೆಯದೆಂದು ಮಾಡುವ ಪ್ಲಾಸ್ಟಿಕ್ಕಿಗೆ ಕ್ಲೋರೋಫಾರ್ಮಿನ ಹೊಳೆ ಹರಿಸುವುದೆಂದರೆ ನನಗಂತೂ ವಿಪರೀತವಾಗಿ ಕಾಣುತ್ತದೆ.

ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ: ಅಡಿಕೆಯನ್ನು ಹಾಗೆಯೇ ಬಿಟ್ಟು ಸಿಪ್ಪೆಯನ್ನೇ ಕರಗಿಸಿಬಿಡುವುದು. 1958ರಲ್ಲಿಯೇ, ಅದೇ ಎಡಿನ್‌ಬರೋದಲ್ಲಿ, ವಿಲಿಯಮ್‌ಸನ್ ಮತ್ತು ವಿಲ್ಕಿನ್‌ಸನ್ ಬ್ಯಾಕ್ಟೀರಿಯಗಳನ್ನು ಕ್ಷಾರೀಯ ಹೈಪೋಕ್ಲೋರೈಟಿನಲ್ಲಿ ಇಟ್ಟು ನೋಡಿದರು. ಹೈಪೋಕ್ಲೋರೈಟ್ ಎಂದರೆ ಬಟ್ಟೆಯ ಕಲೆ ತೆಗೆಯಲು ನಾವು ಬಳಸುವ ಬ್ಲೀಚಿನ ದ್ರವವೇ. ಅದು ಕೋಶದ ಉಳಿದೆಲ್ಲ ಭಾಗವನ್ನು ಜೀರ್ಣಿಸಿ ಗುಳಿಗೆಗಳನ್ನು ಉಳಿಸಿತು. ಅವರಿಗೆ ಬೇಕಾಗಿದ್ದದ್ದು ಪ್ಲಾಸ್ಟಿಕ್ಕಲ್ಲ. ಕೋಶದಲ್ಲಿ ಎಷ್ಟು ಪಿಎಚ್‌ಬಿ ಇದೆಯೆಂದು ಅಳೆಯುವ ಉಪಾಯ ಮಾತ್ರ.

ಇದನ್ನು ಮಾರುವ ವಸ್ತುವೆಂದು ಮೊದಲಿಗೆ ಕಂಡವರು ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿಯವರು. ಅಲ್ಲಿನ ಬ್ಯಾಪ್ಟಿಸ್ಟ್ ಎಂಬುವರು 1962ರಲ್ಲಿ ಪೇಟೆಂಟು ಪಡೆದರು. ಆದರೆ ಬ್ಯಾಕ್ಟೀರಿಯದಿಂದ ಬಂದ ಇಳುವರಿ ಕಡಿಮೆ, ದ್ರಾವಕದ ಖರ್ಚು ಹೆಚ್ಚು, ಸಿಕ್ಕಿದ ವಸ್ತುವಿನಲ್ಲಿ ಕೋಶದ ಚೂರುಗಳ ಕಲಬೆರಕೆ ಬೇರೆ. ಕೆಲಸ ನಿಂತುಹೋಯಿತು. ಪೆಟ್ರೋಲಿಯಂ ನೀರಿನಷ್ಟು ಅಗ್ಗವಾಗಿದ್ದ ದಿನಗಳವು.

1973ರ ತೈಲ ಬಿಕ್ಕಟ್ಟು ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿತು. ಪಾಲಿಥೀನನ್ನು ಜಗತ್ತಿಗೆ ಕೊಟ್ಟ ಅದೇ ಐಸಿಐ ಕಂಪನಿ ಈಗ ಬ್ಯಾಕ್ಟೀರಿಯದತ್ತ ತಿರುಗಿತು. ಇಂಗ್ಲೆಂಡಿನ ಈಶಾನ್ಯ ಭಾಗದ ಬಿಲ್ಲಿಂಗ್‌ಹ್ಯಾಮಿನಲ್ಲಿ ಅವರು ಮೆಥನಾಲಿನ ಮೇಲೆ ಬ್ಯಾಕ್ಟೀರಿಯ ಬೆಳೆಸಿ 'ಪ್ರುಟೀನ್' ಎಂಬ ಪಶು ಆಹಾರ ಮಾಡುವ ಬೃಹತ್ ಕಾರ್ಖಾನೆ ಕಟ್ಟಿದ್ದರು. ಅದರ ಹುದುಗುವ ಪಾತ್ರೆಯೊಂದರಲ್ಲೇ 15 ಲಕ್ಷ ಲೀಟರು ಹಿಡಿಯುತ್ತಿತ್ತು. ಸೋಯಾ ಹಿಂಡಿಯ ಬೆಲೆಯೊಡನೆ ಸೆಣಸಲಾರದೆ ಆ ಉದ್ಯಮ ಸೋತಿತು. ಆದರೆ ಬ್ಯಾಕ್ಟೀರಿಯವನ್ನು ಟನ್ನುಗಟ್ಟಲೆ ಬೆಳೆಸುವ ವಿದ್ಯೆ ಕೈಯಲ್ಲಿ ಉಳಿಯಿತು. ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ರುಟೀನಿನಲ್ಲಿ ಇಡೀ ಕೋಶವನ್ನೇ ಒಣಗಿಸಿ ಪುಡಿ ಮಾಡಿದರೆ ಸಾಕಾಗಿತ್ತು, ಸುಲಿಯುವ ಪ್ರಮೇಯವೇ ಇರಲಿಲ್ಲ.

ಪ್ಲಾಸ್ಟಿಕ್ಕಿಗಾಗಿ ಐಸಿಐ ಆರಿಸಿಕೊಂಡದ್ದು ಮಣ್ಣಿನಲ್ಲಿ ವಾಸಿಸುವ ಬೇರೊಂದು ಬ್ಯಾಕ್ಟೀರಿಯ. ಆಗ ಅದರ ಹೆಸರು ಆಲ್ಕಲಿಜೀನಿಸ್ ಯೂಟ್ರೋಫಸ್. ಅದಕ್ಕೂ ಮೊದಲು ಹೈಡ್ರೋಜಿನೊಮೊನಸ್ ಎಂದಿತ್ತು, ನಂತರ ರಾಲ್‌ಸ್ಟೋನಿಯಾ ಆಯಿತು, ವಾಟರ್ಸಿಯಾ ಆಯಿತು, ಈಗ ಕುಪ್ರಿಯಾವಿಡಸ್ ನೆಕೇಟರ್. (ನಮ್ಮ ತಾಲ್ಲೂಕು ಕಚೇರಿಯ ಕಡತದಲ್ಲಿಯೂ ಒಬ್ಬನಿಗೆ ಇಷ್ಟು ಹೆಸರು ಬರೆದುದನ್ನು ನಾನು ಕಂಡಿಲ್ಲ.) ಬರಿಯ ಪಿಎಚ್‌ಬಿ ಹಪ್ಪಳದಂತೆ ಮುರಿಯುವ ಸ್ವಭಾವದ್ದು, ಸುಮಾರು 175ರಿಂದ 180 ಡಿಗ್ರಿಯಲ್ಲಿ ಕರಗುತ್ತದೆ, ಅದರ ಸಮೀಪದಲ್ಲೇ ಕೆಡಲೂ ಆರಂಭಿಸುತ್ತದೆ. ಐಸಿಐಯ ಹೋಮ್ಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಕ್ಕೆ ಸಕ್ಕರೆಯ ಜೊತೆಗೆ ಪ್ರೊಪಿಯಾನಿಕ್ ಆಮ್ಲವನ್ನೂ ಉಣಿಸಿದರು. ಆಗ ಸರಪಳಿಯ ನಡುನಡುವೆ ವ್ಯಾಲರೇಟ್ ಎಂಬ ತುಸು ದೊಡ್ಡ ಕೊಂಡಿಗಳು ಸೇರಿ ವಸ್ತು ಬಾಗುವಂತಾಯಿತು. ಅದಕ್ಕೆ 'ಬಯೋಪಾಲ್' ಎಂದು ಹೆಸರಿಟ್ಟರು.

ಐಸಿಐಯವರು ಮೊದಲು ದ್ರಾವಕಗಳನ್ನೇ ಪ್ರಯತ್ನಿಸಿ, ಆ ಇಪ್ಪತ್ತು ಪಾಲಿನ ಲೆಕ್ಕಕ್ಕೆ ಬೇಸತ್ತು, ನೀರಿನಲ್ಲಿಯೇ ಸುಲಿಯುವ ಕ್ರಮವೊಂದನ್ನು ರೂಪಿಸಿದರು. ಅದರ ಪ್ರತಿಯೊಂದು ಹಂತದ ಹಿಂದೆಯೂ ಒಂದು ತೊಂದರೆಯಿತ್ತು. ಕೋಶ ಒಡೆದೊಡನೆ ಅದರ ಡಿಎನ್‌ಎ ಹೊರಚೆಲ್ಲಿ ಇಡೀ ದ್ರವ ಬೆಂಡೆಕಾಯಿಯ ಲೋಳೆಯಂತಾಗುತ್ತದೆ. ಯಾವ ಯಂತ್ರವೂ ಅದನ್ನು ಬೇರ್ಪಡಿಸಲಾರದು. ಅದಕ್ಕಾಗಿ ಮೊದಲು ಒತ್ತಡದಲ್ಲಿ ಬೇಯಿಸಿ ಆ ಲೋಳೆಯ ಸತ್ವ ಮುರಿಯುವುದು. ಅನಂತರ ಪ್ರೋಟೀನನ್ನು ಅರಗಿಸುವ ಕಿಣ್ವ ಬೆರೆಸುವುದು. ಬಟ್ಟೆ ಒಗೆಯುವ ಪುಡಿಗೂ ಇದೇ ಜಾತಿಯ ಕಿಣ್ವಗಳನ್ನು ಸೇರಿಸುತ್ತಾರೆ. ಆಮೇಲೆ ಮಾರ್ಜಕದಿಂದ ಜಿಡ್ಡು ತೆಗೆಯುವುದು, ಹೈಡ್ರೋಜನ್ ಪೆರಾಕ್ಸೈಡಿನಿಂದ ಬಣ್ಣ ತೆಗೆಯುವುದು, ತಿರುಗಣೆ ಯಂತ್ರದಲ್ಲಿ ನೀರು ಬಸಿದು ಒಣಗಿಸುವುದು. ಒಟ್ಟಿನಲ್ಲಿ ಅಗಸರ ಕಟ್ಟೆಯ ಕೆಲಸವೇ ಎನ್ನಿ. ದ್ರಾವಕದ ಹೊಳೆ ತಪ್ಪಿತು. ಬದಲಿಗೆ ಕಿಣ್ವದ ಬೆಲೆಯೂ ಕೊಳಚೆ ನೀರಿನ ಹೊರೆಯೂ ಬಂದವು.

1990ರಲ್ಲಿ ಜರ್ಮನಿಯ ವೆಲ್ಲಾ ಕಂಪನಿ ತನ್ನ ಶಾಂಪೂವನ್ನು ಬಯೋಪಾಲ್ ಬಾಟಲಿಯಲ್ಲಿ ತುಂಬಿ ಮಾರುಕಟ್ಟೆಗೆ ತಂದಿತು. ಲೆಮ್ವಾನ್ ಪ್ರಕಟಿಸಿ ಅರವತ್ತು ವರ್ಷ ದಾಟಿದ ಮೇಲೆ ಮೊದಲ ಬಾಟಲಿ! ಆದರೆ ಬಯೋಪಾಲಿನ ಬೆಲೆ ಕಿಲೋಗೆ ಸುಮಾರು 16 ಡಾಲರು. ಪಾಲಿಪ್ರೊಪಿಲೀನಿನದು ಒಂದು ಡಾಲರಿಗೂ ಕಡಿಮೆ. ಪಿಎಚ್‌ಎ ತಯಾರಿಕೆಯ ಒಟ್ಟು ಖರ್ಚಿನಲ್ಲಿ ಅರ್ಧದವರೆಗೂ ಈ ಸುಲಿಯುವ ಕೆಲಸಕ್ಕೇ ಹೋಗಬಹುದೆಂದು ಬಲ್ಲವರ ಅಂದಾಜು. ಮಿಕ್ಕದ್ದರಲ್ಲಿ ಬಹುಪಾಲು ಬ್ಯಾಕ್ಟೀರಿಯ ತಿನ್ನುವ ಸಕ್ಕರೆಗೆ.

ಇಲ್ಲಿ ಕೇಂಬ್ರಿಜ್ಜಿನ ಒಂದು ಸಂಶೋಧನೆಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ್ದು ಅದು. 1980ರ ದಶಕದ ಕೊನೆಯಲ್ಲಿ ಬರ್ನಾರ್ಡ್ ಮತ್ತು ಸ್ಯಾಂಡರ್ಸ್ ಎಂಬುವರು ಕೋಶವನ್ನು ಒಡೆಯದೆ, ಕಾಂತೀಯ ಅನುರಣನದ ಉಪಕರಣದಿಂದ ಜೀವಂತ ಬ್ಯಾಕ್ಟೀರಿಯದ ಒಳಗಿರುವ ಗುಳಿಗೆಯನ್ನು ಪರೀಕ್ಷಿಸಿದರು. ಗಟ್ಟಿ ಹರಳಾಗಿರಬೇಕಿದ್ದ ಪಿಎಚ್‌ಬಿ ಅಲ್ಲಿ ಮೆತ್ತಗೆ, ಅಣುಗಳು ಅತ್ತಿತ್ತ ಹೊರಳಾಡುವ ಸ್ಥಿತಿಯಲ್ಲಿತ್ತು. ಹೌದಲ್ಲ, ಬ್ಯಾಕ್ಟೀರಿಯ ತನ್ನ ಬುತ್ತಿಯನ್ನು ತಿನ್ನಲು ಬರುವಂತೆ ಮೆತ್ತಗೆ ಇಟ್ಟುಕೊಳ್ಳುತ್ತದೆ. ಗುಳಿಗೆಯ ಮೇಲೆ ಪ್ರೋಟೀನಿನ ತೆಳುವಾದ ಹೊದಿಕೆಯಿದೆ. ನಾವು ದ್ರಾವಕ ಸುರಿದು, ಬೇಯಿಸಿ, ಒಣಗಿಸಿ ಆ ಹೊದಿಕೆಯನ್ನು ಕಿತ್ತೊಡನೆ ಅದು ಹರಳುಗಟ್ಟುತ್ತದೆ. ಅಂದರೆ ಹೊರತೆಗೆದ ಮೇಲೆ ನಮ್ಮ ಕೈಗೆ ಬರುವ ಬಿರುಸಾದ ವಸ್ತು ಬ್ಯಾಕ್ಟೀರಿಯದ ಒಡಲಿನಲ್ಲಿ ಇದ್ದ ರೂಪದ್ದಲ್ಲ.

ಸರಪಳಿಯ ಉದ್ದದ ಚಿಂತೆಯೂ ಹೀಗೆಯೇ. ಮಾಂಟ್ರಿಯಲ್ಲಿನ ಸಂಶೋಧಕರು 1989ರಲ್ಲಿ ಹೈಪೋಕ್ಲೋರೈಟಿನ ಹಳೆಯ ದಾರಿಯನ್ನು ಮತ್ತೆ ಹಿಡಿದು ನೂರಕ್ಕೆ 95ರಷ್ಟು ಶುದ್ಧ ಪಿಎಚ್‌ಬಿ ತೆಗೆದರು. ಆದರೆ ಮೂಲದಲ್ಲಿ 12 ಲಕ್ಷವಿದ್ದ ಅಣುತೂಕ 6 ಲಕ್ಷಕ್ಕೆ ಇಳಿದಿತ್ತು. ಬ್ಲೀಚು ಸಿಪ್ಪೆಯ ಜೊತೆಗೆ ಅಡಿಕೆಯನ್ನೂ ಕಚ್ಚಿತ್ತು. 1994ರಲ್ಲಿ ಕೊರಿಯದ ವಿಜ್ಞಾನಿಗಳು ಬ್ಲೀಚನ್ನೂ ಕ್ಲೋರೋಫಾರ್ಮನ್ನೂ ಒಂದೇ ಪಾತ್ರೆಯಲ್ಲಿ ಕಲಕುವ ಜಾಣತನ ತೋರಿದರು: ಕೋಶ ಒಡೆದು ಹೊರಬಿದ್ದ ಪಿಎಚ್‌ಬಿ ತಕ್ಷಣ ಕ್ಲೋರೋಫಾರ್ಮಿನ ಪದರಕ್ಕೆ ಜಾರಿ ಬ್ಲೀಚಿನಿಂದ ಪಾರಾಗುತ್ತಿತ್ತು. ಪ್ರಯೋಗಾಲಯಕ್ಕೆ ಸೊಗಸಾದ ಉಪಾಯವೇ. ಆದರೆ ಕ್ಲೋರೋಫಾರ್ಮು ಮತ್ತೆ ಬಂದು ಕುಳಿತಿತಲ್ಲ!

ಅತ್ತ ಕಂಪನಿಗಳ ಕಥೆ ಕೈಯಿಂದ ಕೈಗೆ ಸಾಗಿತು. ಐಸಿಐ 1993ರಲ್ಲಿ ಎರಡಾಗಿ ಬಯೋಪಾಲು ಝೆನೆಕಾ ಪಾಲಿಗೆ ಬಂತು. 1996ರಲ್ಲಿ ಮೊನ್ಸಾಂಟೊ ಕೊಂಡಿತು. ಎರಡು ಮೂರು ವರ್ಷಗಳಲ್ಲೇ ಅವರೂ ಕೈಬಿಟ್ಟರು. 2001ರಲ್ಲಿ ಪೇಟೆಂಟುಗಳು ಅಮೆರಿಕದ ಮೆಟಾಬೊಲಿಕ್ಸ್ ಕಂಪನಿಗೆ ಹೋದವು. ಅದು ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಜೊತೆಗೂಡಿ ಅಯೋವಾ ರಾಜ್ಯದ ಕ್ಲಿಂಟನ್ನಿನಲ್ಲಿ ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಕಾರ್ಖಾನೆ ತೆರೆಯಿತು. 2012ರ ಆರಂಭದಲ್ಲಿ ಪಾಲುದಾರರು ಹಿಂದೆ ಸರಿದರು. ಅಮೆರಿಕದ ಡ್ಯಾನಿಮರ್ ಸೈಂಟಿಫಿಕ್ ಎಂಬ ಇನ್ನೊಂದು ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿಯ ಅರ್ಜಿ ಹಾಕಿತು. ಜಪಾನಿನ ಕನೇಕ ಕಂಪನಿ ಮಾತ್ರ ನಿಧಾನವಾಗಿ, ದ್ರಾವಕವಿಲ್ಲದೆ ನೀರಿನಲ್ಲೇ ಬೇರ್ಪಡಿಸುವ ದಾರಿಯಲ್ಲಿ ನಡೆದು, 2019ರಲ್ಲಿ ವರ್ಷಕ್ಕೆ 5,000 ಟನ್ನಿನ ಘಟಕ ಆರಂಭಿಸಿತು. ಇಷ್ಟೆಲ್ಲ ಸೋಲುಗಳಿಗೂ ಸುಲಿಯುವ ಖರ್ಚೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ತೈಲದ ಬೆಲೆ ಇಳಿದದ್ದು, ಕೊಳ್ಳುವವರು ಮುಂದೆ ಬಾರದಿದ್ದದ್ದು, ಎಲ್ಲವೂ ಸೇರಿವೆ. ಆದರೆ ಬೆಲೆ ಇಳಿಸಬೇಕೆಂದು ಕುಳಿತ ಯಾವ ಎಂಜಿನಿಯರನೂ ಈ ಹಂತವನ್ನು ತಪ್ಪಿಸಿಕೊಂಡು ಹೋಗಲಾಗಲಿಲ್ಲ.

ಬೇರೆ ರೀತಿಯಲ್ಲಿ ಯೋಚಿಸಿದವರು ಬ್ರೆಜಿಲ್ಲಿನವರು. ಸಾವೊ ಪಾಲೊ ರಾಜ್ಯದ ಸೆರಾನಾ ಎಂಬಲ್ಲಿ, ಉಸಿನಾ ದ ಪೆದ್ರಾ ಎಂಬ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿಯೇ, 1990ರ ದಶಕದ ನಡುವೆ ಪಿಎಚ್‌ಬಿಯ ಸಣ್ಣ ಘಟಕವೊಂದನ್ನು ಹೂಡಿದರು. ಬ್ಯಾಕ್ಟೀರಿಯಕ್ಕೆ ಊಟ ಪಕ್ಕದ ಕಬ್ಬಿನ ಸಕ್ಕರೆ. ಮೂರು ಕಿಲೋ ಸಕ್ಕರೆಗೆ ಸುಮಾರು ಒಂದು ಕಿಲೋ ಪಿಎಚ್‌ಬಿ. ಉಗಿಗೂ ವಿದ್ಯುತ್ತಿಗೂ ಕಬ್ಬಿನ ಸಿಪ್ಪೆ. ಇನ್ನು ದ್ರಾವಕ? ಸಕ್ಕರೆಯಿಂದ ಮದ್ಯಸಾರ ಭಟ್ಟಿಯಿಳಿಸುವಾಗ ಕೊನೆಯಲ್ಲಿ ಫ್ಯೂಸೆಲ್ ಎಣ್ಣೆಯೆಂಬ ನಾರುವ ಉಳಿಕೆ ಬರುತ್ತದೆ. ಅದರಲ್ಲಿರುವ ಐಸೊಅಮೈಲ್ ಆಲ್ಕೊಹಾಲನ್ನೇ ಅವರು ಬಳಸಿಕೊಂಡರು. ಬಿಸಿಯಿರುವಾಗ ಪಿಎಚ್‌ಬಿ ಅದರಲ್ಲಿ ಕರಗುತ್ತದೆ, ತಣಿದಾಗ ಅಂಟಿನಂತೆ ಗಟ್ಟಿಯಾಗಿ ಬೇರೆಯಾಗುತ್ತದೆ. ಕ್ಲೋರಿನ್ನಿನ ಹೆಸರೇ ಇಲ್ಲ. ದ್ರಾವಕವೇ ತಪ್ಪೆಂದು ಇಂಗ್ಲೆಂಡಿನವರು ತೀರ್ಮಾನಿಸಿದ್ದ ಕಡೆ, ಇವರು ದ್ರಾವಕ ಎಲ್ಲಿಂದ ಬರುತ್ತದೆಂದು ಕೇಳಿಕೊಂಡರು. ಮಂಡ್ಯ, ಬೆಳಗಾವಿಗಳ ಕಡೆಯ ನನ್ನ ವಿದ್ಯಾರ್ಥಿಗಳು ಇದನ್ನು ಎರಡು ಸಲ ಓದಲಿ ಎಂದು ನನ್ನ ಆಸೆ. ಕಬ್ಬು, ಸಿಪ್ಪೆ, ಭಟ್ಟಿ ಮೂರೂ ಒಂದೇ ಬೇಲಿಯೊಳಗಿರುವ ಕಾರ್ಖಾನೆಗಳು ನಮ್ಮಲ್ಲಿಯೂ ಇವೆಯಷ್ಟೆ.

ನಮ್ಮ ಮೈಸೂರಿನ ಹೆಸರೂ ಈ ಇತಿಹಾಸದಲ್ಲಿದೆ. ಚೆಲುವಾಂಬ ವಿಲಾಸ ಅರಮನೆಯಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಈ ಸುಲಿಯುವ ಸಮಸ್ಯೆಯನ್ನೇ ಕೈಗೆತ್ತಿಕೊಂಡಿತ್ತು. ಒಂದು ಬ್ಯಾಕ್ಟೀರಿಯದ ಕೋಶವನ್ನು ಒಡೆಯಲು ಮೈಕ್ರೊಬಿಸ್ಪೋರ ಎಂಬ ಇನ್ನೊಂದು ಸೂಕ್ಷ್ಮಜೀವಿಯನ್ನೂ ಅದರ ಕಿಣ್ವಗಳನ್ನೂ ಬಳಸಿದ ಪ್ರಯೋಗವನ್ನು ಅಲ್ಲಿಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. 2009ರಲ್ಲಿ ಬ್ಯಾಸಿಲಸ್ ಫ್ಲೆಕ್ಸಸ್ ಎಂಬ ಬ್ಯಾಕ್ಟೀರಿಯದ ಮೇಲೆ ಎರಡು ಕೆಲಸಗಳು ಹೊರಬಂದವು: ಗಾಮಾ ಕಿರಣ ಹಾಯಿಸಿ ಕೋಶವನ್ನು ಸಡಿಲಿಸುವುದು ಒಂದು, ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಫಾಸ್ಫೇಟುಗಳ, ಒಂದಕ್ಕೊಂದು ಬೆರೆಯದೆ ನಿಲ್ಲುವ ಎರಡು ನೀರ ಪದರಗಳ ನಡುವೆ ಪ್ಲಾಸ್ಟಿಕ್ಕನ್ನೂ ಕಸವನ್ನೂ ಬೇರ್ಪಡಿಸುವುದು ಇನ್ನೊಂದು.

ಹಣದ ಲೆಕ್ಕ ಅಷ್ಟಾಗಿ ಕಾಡದಿರುವ ಜಾಗವೂ ಒಂದಿದೆ, ವೈದ್ಯಕೀಯ. ಇದೇ ಕುಟುಂಬದ ಪಾಲಿ-4-ಹೈಡ್ರಾಕ್ಸಿಬ್ಯುಟಿರೇಟಿನಿಂದ ಮಾಡಿದ, ದೇಹದಲ್ಲಿ ತಾನಾಗಿ ಕರಗುವ ಹೊಲಿಗೆ ದಾರಕ್ಕೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ಅಲ್ಲಿ ಶುದ್ಧತೆಯ ಅರ್ಥವೇ ಬೇರೆ. ಈ ಬಗೆಯ ಬ್ಯಾಕ್ಟೀರಿಯದ ಹೊರಪೊರೆಯ ಅಣುಮಾತ್ರ ಉಳಿದರೂ ರೋಗಿಗೆ ಜ್ವರ ಬರುತ್ತದೆ. ಶಾಂಪೂ ಬಾಟಲಿಗೆ ಸಾಕಾದ ತೊಳೆತ ಗಾಯದ ಹೊಲಿಗೆಗೆ ಸಾಲದು.

ಕೊನೆಯದಾಗಿ, ಹೇಳಿದರೆ ನೀವು ನಗುವ ಒಂದು ವಿಧಾನ. ಮಲೇಷ್ಯಾದ ಪೆನಾಂಗಿನ ವಿಶ್ವವಿದ್ಯಾನಿಲಯದವರು ಪ್ರುಟೀನಿನ ಹಳೆಯ ಕಥೆಯನ್ನು ಮರೆತಿರಲಿಲ್ಲ. ಬ್ಯಾಕ್ಟೀರಿಯ ಪ್ರೋಟೀನು ತುಂಬಿದ ಆಹಾರವಲ್ಲವೇ? ಹಾಗಾದರೆ ಸುಲಿಯುವ ಕೆಲಸವನ್ನು ಹೊಟ್ಟೆಗೇ ಬಿಡೋಣವೆಂದು, ಪಿಎಚ್‌ಬಿ ತುಂಬಿದ ಕೋಶಗಳನ್ನು ಒಣಗಿಸಿ ಪ್ರಯೋಗಾಲಯದ ಇಲಿಗಳಿಗೆ ತಿನ್ನಿಸಿದರು. ಇಲಿಗಳು ಪ್ರೋಟೀನನ್ನು ಅರಗಿಸಿಕೊಂಡವು. ಪ್ಲಾಸ್ಟಿಕ್ಕು ಅರಗದೆ ಬೆಳ್ಳಗಿನ ಹಿಕ್ಕೆಯಾಗಿ ಹೊರಬಂತು. ಇದು 2013ರ ಪ್ರಕಟಣೆ. ಮುಂದೆ ಇಲಿಗಳ ಜಾಗದಲ್ಲಿ ಹಿಟ್ಟಿನ ಹುಳುಗಳನ್ನು ಸಾಕಿದರು. 2016ರಲ್ಲಿ ಪ್ರಕಟವಾದಂತೆ, ಹುಳುವಿನ ಹಿಕ್ಕೆಯನ್ನು ನೀರಿನಲ್ಲಿಯೂ ತುಸು ಮಾರ್ಜಕದಲ್ಲಿಯೂ ತೊಳೆದಾಗ ಹೆಚ್ಚುಕಡಿಮೆ ಪೂರ್ಣ ಶುದ್ಧವಾದ ಪಿಎಚ್‌ಬಿ ದೊರೆಯಿತು. ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಗುಳಿಗೆಗಳು ಬ್ಯಾಕ್ಟೀರಿಯದೊಳಗೆ ಹೇಗಿದ್ದವೋ ಹಾಗೆಯೇ ದುಂಡಗೆ ಉಳಿದಿದ್ದವು.